ಕಟ್ಟು ಮತ್ತು ಕಟ್

ಈ ಸಲ ಪ್ರಬಂಧ ಬರೆಯುವ ಸರದಿ ಏಳನೇ ತರಗತಿಯದು. ನಮ್ಮ ತರಗತಿಯಲ್ಲಿ ಕೆಲವರು ಮಳೆಗಾಲದ ಬಗ್ಗೆ, ಕೆಲವರು ನಮ್ಮೂರ ಜಾತ್ರೆ ಬಗ್ಗೆ ಬರೆಯುತ್ತಿದ್ದಾರೆ. ನಾನು ಇಂಗ್ಲಿಷಿನ ಒಂದು ಕ್ರಿಯಾಪದದ ಬಗ್ಗೆ ಬರೆಯುತ್ತೇನೆ. ಅದು ಕಟ್. ಇಂಗ್ಲಿಷಿನಲ್ಲಿ ಮೂರೇ ಅಕ್ಷರ. "ಇದರಲ್ಲಿ ಬರಿಯೋಕೆ ಏನೈತೆ?" ಅಂತ ನನ್ನ ಪಕ್ಕ ಕೂರುವವಳು ಕೇಳಿದಳು. ತುಂಬಾ ಇದೆ. ನಮ್ಮ ಮಾವನ ಮೂರು ದಿನದ ಕೂಲಿ ಈ ಪದದೊಳಗೇ ಸಿಕ್ಕಿಕೊಂಡಿತ್ತು. ಅದನ್ನು ಆಮೇಲೆ ಬರೆಯುತ್ತೇನೆ.

ಇಂಗ್ಲಿಷ್ ವ್ಯಾಕರಣದಲ್ಲಿ ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡಬೇಕಲ್ಲ, ಅದರಲ್ಲಿ ನಮಗೆಲ್ಲಾ ಇಷ್ಟವಾದ ಸಾಲು ಕಟ್ ಕಟ್ ಕಟ್. ಗೋ ವೆಂಟ್ ಗಾನ್ ಅಂತ ಒದ್ದಾಡುವುದೇ ಬೇಡ. ಪುಟ್, ಹಿಟ್, ಶಟ್, ಲೆಟ್ ಇವೂ ಅದೇ ಜಾತಿ. ನೆನಪಿಡೋಕೆ ಸುಲಭ, ಆದರೆ ಅರ್ಥ ಮಾಡಿಕೊಳ್ಳೋಕೆ ಕಷ್ಟ. 'ಐ ಕಟ್ ದ ಗ್ರಾಸ್' ಅಂತ ಬರೆದರೆ ದಿನಾ ಹುಲ್ಲು ಕುಯ್ತೀನಿ ಅಂತಲೂ ಆಗುತ್ತದೆ, ಹುಲ್ಲು ಕುಯ್ದೆ ಅಂತಲೂ ಆಗುತ್ತದೆ. ನಿನ್ನೆ ಅಂತ ಒಂದು ಪದ ಸೇರಿಸಿದರೆ ಮಾತ್ರ ಗೊತ್ತಾಗುತ್ತದೆ. ಕನ್ನಡದಲ್ಲಿ ಕುಯ್ದೆ ಅಂದರೆ ಸಾಕು, ಕೆಲಸ ಮುಗೀತು, ಹಸು ತಿನ್ನುತ್ತಾ ಇದೆ ಅಂತ ಅರ್ಥ.

ಮೇಷ್ಟ್ರು ಕಟ್ ಪದಕ್ಕೆ ಕನ್ನಡದಲ್ಲಿ ಕತ್ತರಿಸು ಅಂತ ಬೋರ್ಡಿನ ಮೇಲೆ ಬರೆದರು. ಸರಿಯೇ. ಆದರೆ ನಮ್ಮೂರಲ್ಲಿ ಯಾರಾದರೂ ಹೋಗಿ "ರಾಗಿ ಕತ್ತರಿಸಿದೆ" ಅಂದರೆ ಎಲ್ಲರೂ ನಗುತ್ತಾರೆ. ರಾಗಿ ಕುಯ್ಯಬೇಕು. ಕಬ್ಬಾದರೆ ಕಡಿಯಬೇಕು. ಎರಡೂ ಹೊಲದಲ್ಲಿ ನಿಂತ ಪೈರೇ, ಆದರೂ ಬೇರೆ ಪದ. ಕುಡುಗೋಲನ್ನು ತನ್ನ ಕಡೆಗೆ ಎಳೆದುಕೊಂಡರೆ ಕುಯ್ಯೋದು, ಮಚ್ಚು ಎತ್ತಿ ಹಾಕಿದರೆ ಕಡಿಯೋದು ಅಂತ ನಮ್ಮಜ್ಜಿ ಕೈಯಲ್ಲೇ ಮಾಡಿ ತೋರಿಸಿದರು. ಹಾಗಾಗಿ ಹಿಪ್ಪುನೇರಳೆ ಸೊಪ್ಪು ಕುಯ್ತೀವಿ, ಮರ ಕಡೀತೀವಿ. ಅದೇ ಮರದ ಕೊಂಬೆ ಸ್ವಲ್ಪ ಸ್ವಲ್ಪ ತೆಗೆದರೆ ಸವರೋದು. ಬಿದ್ದ ಮರವನ್ನು ಗರಗಸದಲ್ಲಿ ಹಲಗೆ ಮಾಡಿದರೆ ಮತ್ತೆ ಕುಯ್ಯೋದು. ಉಳಿದದ್ದು ಒಲೆಗೆ ಬೇಕಾದರೆ ಸೀಳೋದು. ಒಂದೇ ಮರಕ್ಕೆ ಇಷ್ಟು ಕ್ರಿಯಾಪದ!

ಅಡುಗೆಮನೆಗೆ ಬಂದರೆ ತರಕಾರಿ ಹೆಚ್ಚಬೇಕು. ಹೆಚ್ಚು ಅಂದರೆ ಜಾಸ್ತಿ ಅಂತಲೂ ಅರ್ಥ ಇದೆ. ಒಂದು ಬದನೆಕಾಯಿಯನ್ನು ಹೆಚ್ಚಿದರೆ ಹೋಳು ಹೆಚ್ಚಾಗುತ್ತವಲ್ಲ, ಅದಕ್ಕೇ ಇರಬೇಕು ಅಂತ ನಾನು ಹೇಳಿದೆ. ಅಮ್ಮ "ಮೊದಲು ಹೆಚ್ಚು, ಆಮೇಲೆ ಮಾತಾಡು" ಅಂದರು. ಹೂವನ್ನು ಬಿಡಿಸ್ತೀವಿ, ಉಗುರು ತೆಗೀತೀವಿ, ಕೋಳಿ ಕುಯ್ತೀವಿ, ಕುರಿ ಕಡೀತೀವಿ, ತಲೆಗೂದಲು ಪೂರ್ತಿ ತೆಗೆಸಿದರೆ ಬೋಳಿಸ್ತಾರೆ. ಇನ್ನು ಕತ್ತರಿಸೋದು ಅಂತ ಉಳಿದದ್ದು ಬಟ್ಟೆ, ಕಾಗದ, ಕೂದಲು. ಅಂದರೆ ಕತ್ತರಿ ಹಿಡಿದು ಮಾಡುವ ಕೆಲಸ. ಕನ್ನಡದಲ್ಲಿ ಕೈಯಲ್ಲಿ ಏನು ಹಿಡಿದಿದ್ದೀರಿ, ಮುಂದೆ ಏನು ಇಟ್ಟುಕೊಂಡಿದ್ದೀರಿ ಅಂತ ಕ್ರಿಯಾಪದದಲ್ಲೇ ತಿಳಿಯುತ್ತದೆ.

ಹಾಗಾದರೆ ಇಂಗ್ಲಿಷಿನವರು ಬಡವರು, ಅವರಿಗೆ ಒಂದೇ ಪದ ಅಂತ ತಿಳಿಯಬೇಡಿ. ಶಾಲೆಯ ಬೀರುವಿನಲ್ಲಿರುವ ದಪ್ಪ ನಿಘಂಟನ್ನು ಮೇಷ್ಟ್ರು ನನಗೆ ಎರಡು ದಿನ ಕೊಟ್ಟಿದ್ದರು. ಅವರಿಗೂ ಪೈರು ಕುಯ್ಯೋಕೆ ರೀಪ್, ಹುಲ್ಲಿಗೆ ಮೋ, ಕೊಂಬೆಗೆ ಪ್ರೂನ್, ಗರಗಸಕ್ಕೆ ಸಾ, ಕುರಿಯ ಉಣ್ಣೆ ತೆಗೆಯೋಕೆ ಷಿಯರ್, ತರಕಾರಿಗೆ ಚಾಪ್, ತೆಳ್ಳಗೆ ಬಿಲ್ಲೆ ಬಿಲ್ಲೆ ಮಾಡಿದರೆ ಸ್ಲೈಸ್ ಅಂತ ಬೇರೆ ಬೇರೆ ಇದೆ. ಅವೆಲ್ಲಾ ಅಲ್ಲೇ ಉಳಿದುಕೊಂಡು ನಮ್ಮ ಕಡೆಗೆ ಕಟ್ ಒಂದೇ ಬಸ್ಸು ಹತ್ತಿ ಬಂದಿದೆ. ಬಂದು ಕುಯ್ಯೋದು, ಕಡಿಯೋದು, ಹೆಚ್ಚೋದು ಎಲ್ಲದರ ಜಾಗದಲ್ಲೂ ಕೂತುಕೊಂಡಿದೆ. ಈಗ ನಮ್ಮೂರಲ್ಲೇ "ಈರುಳ್ಳಿ ಕಟ್ ಮಾಡು" ಅನ್ನುತ್ತಾರೆ.

ಇಂಗ್ಲಿಷಿನಲ್ಲಿ ಇಂಥ ಚಿಕ್ಕ ಪದಗಳಿಗೇ ಅರ್ಥ ಜಾಸ್ತಿಯಂತೆ. ಆಕ್ಸ್‌ಫರ್ಡ್ ದೊಡ್ಡ ನಿಘಂಟು ಅಂತ ಒಂದಿದೆ. 1989ರಲ್ಲಿ ಅದರ ಎರಡನೇ ಆವೃತ್ತಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಸೆಟ್ ಎಂಬ ಕ್ರಿಯಾಪದ ಒಂದಕ್ಕೇ 430 ಅರ್ಥ ಕೊಟ್ಟಿದ್ದಾರೆ. ಆಮೇಲೆ ಹೊಸದಾಗಿ ತಿದ್ದುವಾಗ ರನ್ ಪದಕ್ಕೆ 645 ಅರ್ಥ ಆಗಿ ಅದು ಸೆಟ್ಟನ್ನು ಹಿಂದೆ ಹಾಕಿತು. ಓಡು ಅಂತ ಹೆಸರಿಟ್ಟುಕೊಂಡು ಹಿಂದೆ ಬಿದ್ದರೆ ಚೆನ್ನಾಗಿರುತ್ತಿತ್ತೇ?

ನಮ್ಮ ಹುಡುಗರಿಗೆ ಗೊತ್ತಿರುವ ಕಟ್ ಕ್ರಿಕೆಟ್ಟಿನದು. ಸ್ಕ್ವೇರ್ ಕಟ್ಟಿಗೆ ಹೆಸರಾದವರು ನಮ್ಮ ಕರ್ನಾಟಕದ ಜಿ.ಆರ್. ವಿಶ್ವನಾಥ್. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಆಡಿದ ಮೊದಲನೇ ಟೆಸ್ಟಿನಲ್ಲಿ ಮೊದಲ ಸಲ ಸೊನ್ನೆ, ಎರಡನೇ ಸಲ 137. ಅಲ್ಲಿ ಚೆಂಡೂ ತುಂಡಾಗುವುದಿಲ್ಲ, ಬ್ಯಾಟೂ ತುಂಡಾಗುವುದಿಲ್ಲ. ಬ್ಯಾಟನ್ನು ಅಡ್ಡಡ್ಡ ಬೀಸಿ ಮಚ್ಚಿನಿಂದ ಕಡಿದ ಹಾಗೆ ಹೊಡೆಯುವುದರಿಂದ ಅದು ಕಟ್.

ಈಗ ಶಿವಾಜಿನಗರ. ಬೇಸಿಗೆ ರಜೆಯಲ್ಲಿ ನಾನು ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಕೆ.ಆರ್. ಪುರ, ಹಲಸೂರು ದಾಟಿದ ಮೇಲೆ ಬರುತ್ತದೆ. ನೋಡದೇ ಇರುವವರಿಗೆ ಸ್ವಲ್ಪ ಹೇಳುತ್ತೇನೆ. ದೊಡ್ಡ ಬಸ್ ನಿಲ್ದಾಣ, ಅದರ ಹತ್ತಿರದಲ್ಲೇ ಸೇಂಟ್ ಮೇರಿ ಬೆಸಿಲಿಕಾದ ಎತ್ತರದ ಗೋಪುರ. ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಅಲ್ಲಿ ಹಬ್ಬ, ತುಂಬಾ ಜನ ಸೇರುತ್ತಾರೆ. ಎದುರಿಗೆ ರಸೆಲ್ ಮಾರುಕಟ್ಟೆ. ಅದನ್ನು ಬ್ರಿಟಿಷರ ಕಾಲದಲ್ಲಿ 1927ರಲ್ಲಿ ಕಟ್ಟಿದ್ದು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ತುಂಬಾ ಅಂಗಡಿಗಳು ಸುಟ್ಟುಹೋದವು, ಆಮೇಲೆ ವ್ಯಾಪಾರದವರು ಮತ್ತೆ ಅಲ್ಲೇ ಕೂತರು. ಹಿಂದೆ ಈ ಜಾಗಕ್ಕೆ ಬ್ಲಾಕ್‌ಪಲ್ಲಿ ಅಂತ ಹೆಸರಿತ್ತು. ಬಿಳಿ ಅಕ್ಕಿ ಪಳ್ಳಿ ಎಂಬುದನ್ನು ಇಂಗ್ಲಿಷಿನವರು ಹಾಗೆ ಮಾಡಿದರು ಎಂದು ಹೇಳುತ್ತಾರೆ. ಹಾಗಿದ್ದರೆ ಬಿಳಿ ಹೋಗಿ ಕಪ್ಪಾಯಿತು ನೋಡಿ!

ಶಿವಾಜಿನಗರದಲ್ಲಿ ಕಟ್ ಪದ ಕಾಲಿಟ್ಟಲ್ಲೆಲ್ಲಾ ಸಿಗುತ್ತದೆ. ಕೂದಲಿಗೆ ಕಟಿಂಗ್ ಶಾಪ್. ಥಾನಿನಲ್ಲಿ ಉಳಿದ ತುಂಡು ಬಟ್ಟೆ ಕಟ್ ಪೀಸ್. ಗಲ್ಲಿಯಲ್ಲಿ ನುಗ್ಗಿ ಹೋದರೆ ಶಾರ್ಟ್ ಕಟ್. ಫೋನು ಕಟ್, ಕರೆಂಟು ಕಟ್. ಗುಜರಿಯವರು ಹಳೇ ಕಾರನ್ನೂ ಕಟಿಂಗಿಗೆ ಹಾಕುತ್ತಾರೆ. ಕಾರು ಕಡಿಯೋದೋ ಕುಯ್ಯೋದೋ ಅಂತ ಅಜ್ಜಿಯನ್ನು ಕೇಳಿದರೆ ಹೇಳುತ್ತಿರಲಿಲ್ಲ, ಯಾಕೆಂದರೆ ಅವರು ನಗುತ್ತಲೇ ಇರುತ್ತಿದ್ದರು.

ಅಲ್ಲಿ ಈ ಪದ ಇಷ್ಟು ಯಾಕೆ ಓಡಾಡುತ್ತದೆ ಅಂತ ಮಾವನ ಕೆಲಸದ ಜಾಗ ನೋಡಿದ ಮೇಲೆ ನನಗೆ ಗೊತ್ತಾಯಿತು. ಮಾವ ಬಟ್ಟೆ ಹೊಲಿಯುವ ಒಂದು ಕಡೆ ಕಟಿಂಗ್ ಕೆಲಸ ಮಾಡುತ್ತಾರೆ. ಜಾಗದ ಹೆಸರು ಬರೆಯುವುದಿಲ್ಲ. ಅಲ್ಲಿ ಒಬ್ಬರ ಮನೆಮಾತು ಉರ್ದು, ಇಬ್ಬರದು ತಮಿಳು, ಒಬ್ಬರದು ತೆಲುಗು, ಮಾವನದು ಕನ್ನಡ. ಅವರವರ ಮನೆಯಲ್ಲಿ ಉರ್ದುವಿನವರು ಕಾಟೋ ಅನ್ನುತ್ತಾರೆ, ತಮಿಳಿನವರು ವೆಟ್ಟು, ತೆಲುಗಿನವರು ಕೊಯ್. ಕೆಲಸದಲ್ಲಿ ಮಾತ್ರ ಒಬ್ಬರು ಕಟ್ ಕರೋ, ಒಬ್ಬರು ಕಟ್ ಪಣ್ಣು, ಒಬ್ಬರು ಕಟ್ ಚೆಯ್, ಮಾವ ಕಟ್ ಮಾಡು. ಕಟ್ ಎಲ್ಲರದೂ, ಬಾಲ ಅವರವರದು. ಐದು ಜನಕ್ಕೆ ಒಂದೇ ಟೇಪು ಇದ್ದ ಹಾಗೆ ಈ ಪದವೂ ಒಂದೇ. ನನಗೆ ಇದು ತಪ್ಪು ಅಂತ ಅನ್ನಿಸಲಿಲ್ಲ.

ಮಾವನ ಕೆಲಸ ನೋಡಲು ಚೆಂದ. ಟೇಬಲ್ಲಿನ ಮೇಲೆ ಬಟ್ಟೆಯನ್ನು ಒಂದರ ಮೇಲೆ ಒಂದು ಸುಕ್ಕಿಲ್ಲದೆ ಹಾಸುತ್ತಾರೆ. ಮೇಲಿನದರ ಮೇಲೆ ಚಾಕ್‌ಪೀಸಿನಲ್ಲಿ ಗೆರೆ. ಹೊಲಿಗೆಗೆ ಬೇಕಾದಷ್ಟು ಬಟ್ಟೆ ಹೊರಗೆ ಬಿಟ್ಟು ಗೆರೆ ಹಾಕುತ್ತಾರೆ, ಅದಕ್ಕೆ ಮಾರ್ಜಿನ್ ಅನ್ನುತ್ತಾರೆ. ನಮ್ಮ ನೋಟ್‌ಬುಕ್ಕಿನ ಮಾರ್ಜಿನ್ ಹಾಗೇ. ಆಮೇಲೆ ನಿಂತ ಬ್ಲೇಡಿನ ಮೆಷಿನ್ನನ್ನು ಗೆರೆ ಮೇಲೆ ತಳ್ಳಿಕೊಂಡು ಹೋಗುತ್ತಾರೆ. ಒಂದೇ ಸಲಕ್ಕೆ ಅಷ್ಟೂ ಪದರ ಆಗುತ್ತದೆ. "ಹೊಲಿಗೆ ಕೆಟ್ರೆ ಬಿಚ್ಚಬಹುದು, ಕಟಿಂಗ್ ಕೆಟ್ರೆ ಬಿಚ್ಚೋಕಾಗಲ್ಲ" ಅಂತ ಮಾವ ಹೇಳಿದರು. ಅಲ್ಲಿ ಕಟ್ ಅಂದರೆ ಆಕಾರ ಅಂತಲೂ ಅರ್ಥ. ಬ್ಲೌಸಿನಲ್ಲಿ ಕ್ರಾಸ್ ಕಟ್, ಪ್ರಿನ್ಸೆಸ್ ಕಟ್. ಪ್ಯಾಂಟಿನಲ್ಲಿ ಬೂಟ್ ಕಟ್. ಬೂಟು ಕಟ್ ಆಗಿಲ್ಲ, ಬೂಟಿನ ಮೇಲೆ ಕೂರುವ ಹಾಗೆ ಕಾಲಿನ ಹತ್ತಿರ ಅಗಲ ಮಾಡಿದ್ದು.

ನಾನು ಅಲ್ಲಿದ್ದಾಗಲೇ ಒಂದು ಮಂಗಳವಾರ ಆ ಮೆಷಿನ್ನಿನ ಬ್ಲೇಡು ಮಾವನ ಎಡಗೈ ತೋರುಬೆರಳಿಗೆ ತಾಗಿತು. ಆಸ್ಪತ್ರೆಯಲ್ಲಿ ಐದು ಹೊಲಿಗೆ ಹಾಕಿದರು. "ಕಟಿಂಗ್ ನಂದು, ಹೊಲಿಗೆ ಡಾಕ್ಟ್ರುದು" ಅಂತ ಮಾವ ನಗಿಸಲು ನೋಡಿದರು. ಅತ್ತೆ ನಗಲಿಲ್ಲ. ಬುಧವಾರ, ಗುರುವಾರ, ಶುಕ್ರವಾರ ಮಾವ ಮನೆಯಲ್ಲೇ ಇದ್ದರು. ಶನಿವಾರ ಬಟವಾಡೆ. ಕೈಗೆ ಬ್ಯಾಂಡೇಜ್ ಇದ್ದದ್ದರಿಂದ ಅವರ ಚೀಲ ಹಿಡಿದುಕೊಂಡು ನಾನೂ ಹೋದೆ.

ಮಾಲೀಕರು ಮೊದಲು ಬೆರಳಿನ ವಿಷಯ ಮಾತಾಡಿದರು. ಪಕ್ಕದಲ್ಲಿ ಕೂತಿದ್ದವರಿಗೆ "ಬೆರಳು ಕಟ್ ಮಾಡ್ಕೊಂಡವ್ರೆ ನೋಡಿ" ಅಂದರು. ಆಮೇಲೆ ಲೆಕ್ಕದ ಪುಸ್ತಕ ತೆಗೆದು "ಮೂರು ದಿನದ್ದು ಕಟ್ ಆಗಿದೆ" ಅಂದರು. ದಿನಕ್ಕೆ 700 ರೂಪಾಯಿ, ಮೂರು ದಿನಕ್ಕೆ 2,100. ಮಾವ ತಲೆ ಆಡಿಸಿ ಉಳಿದದ್ದು ಎಣಿಸಿಕೊಂಡರು.

ಈ ಎರಡು ವಾಕ್ಯವನ್ನು ನಾನು ಬಸ್ಸಿನಲ್ಲಿ ಬರುವಾಗಲೂ ಮನಸ್ಸಿನಲ್ಲಿ ಹೇಳಿಕೊಂಡೆ. ಕಟ್ ಎಂಬುದು ಬೇರೆ ಭಾಷೆಯ ಪದ. ಅದಕ್ಕೆ ನೇರವಾಗಿ ನಮ್ಮ ಪ್ರತ್ಯಯ ಹತ್ತುವುದಿಲ್ಲ, ಅದಕ್ಕೇ ಮಾಡು ಅಥವಾ ಆಗು ಅಂತ ಜೊತೆಗೆ ಹಾಕುತ್ತೇವೆ. ಮಾಡು ಹಾಕಿದರೆ ಮಾಡಿದವರು ಒಬ್ಬರು ಇರಬೇಕು. ಆಗು ಹಾಕಿದರೆ ಯಾರೂ ಬೇಡ, ಮಳೆ ಆದ ಹಾಗೆ ಆಗಿಬಿಡುತ್ತದೆ. ಬೆರಳು ಮೆಷಿನ್ನಿಗೆ ಸಿಕ್ಕಿದ್ದಕ್ಕೆ ಅವರು "ಮಾಡ್ಕೊಂಡವ್ರೆ" ಅಂದರು, ಅಂದರೆ ಕರ್ತೃ ನಮ್ಮ ಮಾವ. ದುಡ್ಡು ಹಿಡಿದದ್ದಕ್ಕೆ "ಆಗಿದೆ" ಅಂದರು, ಅಲ್ಲಿ ಕರ್ತೃವೇ ಇಲ್ಲ. ಪೆನ್ನು ಮಾತ್ರ ಅವರ ಕೈಯಲ್ಲೇ ಇತ್ತು.

ಆವತ್ತು ರಾತ್ರಿ ಮಾವ ಊರಿಗೆ ಫೋನ್ ಮಾಡಿದರು. ಅಜ್ಜಿ ಎತ್ತಿಕೊಂಡರು. ಕೈ ಹೇಗಿದೆ, ಊಟ ಆಯ್ತಾ ಎಲ್ಲಾ ಆದ ಮೇಲೆ ಮಾವ ಮೆಲ್ಲಗೆ "ಮೂರು ದಿನದ್ದು ಕಟ್ಟಾಯ್ತಮ್ಮ" ಅಂದರು. ಅಜ್ಜಿ ಖುಷಿಯಿಂದ "ಕಟ್ಟಾಯ್ತಾ? ದೇವ್ರು ದೊಡ್ಡೋನು, ಒಳ್ಳೇ ಜನ ಬಿಡಪ್ಪ" ಅಂದುಬಿಟ್ಟರು!

ಯಾಕೆ ಅಂತ ಗೊತ್ತಾಯಿತಲ್ಲ? ನಮ್ಮ ಕನ್ನಡದಲ್ಲಿ ಕಟ್ಟು ಅಂತ ಇದೆ. ಬಿಲ್ ಕಟ್ಟು, ಫೀಸ್ ಕಟ್ಟು, ಚೀಟಿ ದುಡ್ಡು ಕಟ್ಟು. ಕಟ್ಟಾಯ್ತು ಅಂದರೆ ಅಜ್ಜಿಗೆ ದುಡ್ಡು ಪೂರ್ತಿ ಸಂದಾಯ ಆಯ್ತು ಅಂತ. ಇಂಗ್ಲಿಷಿನ ಕಟ್ಟಿಗೂ ನಮ್ಮ ಕಟ್ಟಿಗೂ ಕೇಳೋಕೆ ಒಂದೇ ಸದ್ದು, ಅರ್ಥ ಪೂರ್ವ ಪಶ್ಚಿಮ. ಅದು ಎರಡು ಮಾಡುವುದು, ಇದು ಎರಡನ್ನು ಸೇರಿಸುವುದು. ಕರೆಂಟ್ ಬಿಲ್ ಕಟ್ಟದಿದ್ದರೆ ಕರೆಂಟ್ ಕಟ್ ಅನ್ನುವ ವಾಕ್ಯವನ್ನು ಬೇಗ ಬೇಗ ಹೇಳಿ ನೋಡಿ. ತಮಿಳಿನಲ್ಲೂ ತೆಲುಗಿನಲ್ಲೂ ಕಟ್ಟು ಅಂದರೆ ಕಟ್ಟುವುದೇ. ಆದ್ದರಿಂದ ಶಿವಾಜಿನಗರದಲ್ಲಿ ಮೂರು ಭಾಷೆಯವರಿಗೂ ಈ ತೊಂದರೆ ಇದೆ.

ನನ್ನ ಕೇಳಿದರೆ ನಮ್ಮ ಕಟ್ಟು ಇಂಗ್ಲಿಷಿನ ಯಾವ ಚಿಕ್ಕ ಪದಕ್ಕೂ ಕಮ್ಮಿ ಇಲ್ಲ. ಹಸು ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಪದ ಕಟ್ಟುತ್ತೇವೆ. ಪಂದ್ಯ ಕಟ್ಟುವವರೂ ಇದ್ದಾರೆ. ನೆಗಡಿ ಆದರೆ ಮೂಗು ಕಟ್ಟುತ್ತದೆ. ಕಟ್ಟು ಅಂದರೆ ಸೊಪ್ಪಿನ ಕಟ್ಟೂ ಹೌದು, ಬೇಳೆ ಬೇಯಿಸಿ ಬಸಿದ ಕಟ್ಟೂ ಹೌದು. ಇಂಗ್ಲಿಷಿನವರು ಇದಕ್ಕೆ ಟೈ, ಬಿಲ್ಡ್, ಪ್ಯಾಕ್, ಪೇ ಅಂತ ಒಂದೊಂದಕ್ಕೂ ಬೇರೆ ಪದ ಹುಡುಕಬೇಕು. ನಾವು ಕುಯ್ಯೋದು ಕಡಿಯೋದಕ್ಕೆ ಹುಡುಕಿದ ಹಾಗೆ. ರಸೆಲ್ ಮಾರುಕಟ್ಟೆ ಹತ್ತಿರ ಹೂವಿನವರು ಕೂತು ಹೂ ಕಟ್ಟುತ್ತಾರೆ. ಕಟ್ಟುವುದು ಮುಗಿದ ಮೇಲೆ ಮೊಳ ಹಾಕಿ ದಾರ ಕಟ್ ಮಾಡುತ್ತಾರೆ. ಅಲ್ಲಿ ನಿಂತರೆ ಎರಡೂ ಪದ ಒಟ್ಟಿಗೇ ನೋಡಬಹುದು.

ಇಲ್ಲಿ ಒಂದು ಮಾತು. ಕಟ್, ಕತ್ತಿ, ಕತ್ತರಿ ಮೂರೂ ಒಂದೇ ಬಳಗದವು ಅಂತ ನಮ್ಮ ತರಗತಿಯಲ್ಲಿ ಕೆಲವರು ಹೇಳುತ್ತಿದ್ದರು. ಸದ್ದು ಒಂದೇ ಥರ ಇದ್ದರೆ ನೆಂಟರಾಗುವುದಿಲ್ಲ. ಕತ್ತಿ ನಮ್ಮ ದಕ್ಷಿಣದ ಪದ, ತಮಿಳು ತೆಲುಗಿನಲ್ಲೂ ಕತ್ತಿಯೇ. ಕತ್ತರಿ ಸಂಸ್ಕೃತದ ಕರ್ತರಿಯಿಂದ ಬಂದ ತದ್ಭವ. ವ್ಯಾಕರಣದ ಕರ್ತರಿ ಪ್ರಯೋಗ ಬೇರೆ, ಅದರಲ್ಲಿ ಬಟ್ಟೆ ಕತ್ತರಿಸೋಕೆ ಬರುವುದಿಲ್ಲ. ಆದರೆ ಮಾಡಿದವರು ಯಾರು ಅಂತ ಕರ್ತರಿ ಪ್ರಯೋಗದಲ್ಲಿ ಎದ್ದು ಕಾಣುತ್ತದೆ. ನಮ್ಮ ಅಮ್ಮ ಮೂರನೇ ತರಗತಿಗೆ ಶಾಲೆ ಬಿಟ್ಟವರು, ಅವರು ಫೋನಿನಲ್ಲಿ ಅದನ್ನೇ ಕೇಳಿದರು.

ಅಜ್ಜಿ ಕೈಯಿಂದ ಫೋನ್ ತೆಗೆದುಕೊಂಡು ಅಮ್ಮ "ಏನೋ ಅದು ಕಟ್ಟಾಯ್ತು ಅಂದ್ರೆ? ಕೊಟ್ರೋ ಇಲ್ವೋ?" ಅಂದರು. ಮಾವ "ಇಲ್ಲಕ್ಕ, ಕಟ್ ಆಯ್ತು" ಅಂದರು. "ಅದೇನು ತಾನಾಗೇ ಆಯ್ತಾ? ಯಾರು ಕಟ್ ಮಾಡಿದ್ದು ಹೇಳು." ಮಾವ ಸುಮ್ಮನಾದರು. "ಮುರ್ಕೊಂಡ್ರು ಅನ್ನು. ಮುರ್ಕೊಂಡ್ರು ಅಂದ್ರೆ ಯಾತಕ್ಕೆ ಮುರ್ಕೊಂಡ್ರಿ ಅಂತ ಕೇಳೋಕೆ ಬಾಯಿ ಬರ್ತದೆ." ಸ್ಪೀಕರ್ ಹಾಕಿದ್ದರಿಂದ ನನಗೂ ಅತ್ತೆಗೂ ಎಲ್ಲಾ ಕೇಳಿಸಿತು.

ಮುರ್ಕೊಳ್ಳೋದು ಅನ್ನುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಡೈರಿಯಲ್ಲಿ ಹಾಲಿನ ಬಟವಾಡೆ ಕೊಡುವಾಗ ಫೀಡಿನ ದುಡ್ಡು ಮುರ್ಕೊಂಡು ಉಳಿದದ್ದು ಕೊಡುತ್ತಾರೆ. ಎಷ್ಟು ಮೂಟೆ, ಯಾವ ತಾರೀಕು ಅಂತ ಎಲ್ಲರೂ ನಿಂತು ಕೇಳುತ್ತಾರೆ. ಮುರಿದುಕೊಂಡವರು ಒಬ್ಬರು, ಯಾವುದೋ ಒಂದಕ್ಕೆ ಮುರಿದುಕೊಂಡದ್ದು, ಎರಡೂ ಆ ಪದದಲ್ಲೇ ಇದೆ. ಡಿಡಕ್ಟ್ ಅಂತ ಇಂಗ್ಲಿಷಿನಲ್ಲಿ ಇದೆ ಎಂದು ಮೇಷ್ಟ್ರು ಹೇಳಿದರು. ಅದೂ ಶಿವಾಜಿನಗರಕ್ಕೆ ಬಂದಿಲ್ಲ.

ಮುಂದಿನ ಶನಿವಾರ ಮಾವ ಒಬ್ಬರೇ ಹೋದರು. ಮೂರು ದಿನದ್ದು ಯಾತಕ್ಕೆ ಮುರ್ಕೊಂಡ್ರಿ, ಬೆರಳು ಹೋಗಿದ್ದು ನಿಮ್ಮ ಮೆಷಿನ್ನಲ್ಲೇ ಅಲ್ವಾ ಅಂತ ಕೇಳಿದರಂತೆ. ಮಾಲೀಕರು ಸ್ವಲ್ಪ ಹೊತ್ತು ಪುಸ್ತಕ ನೋಡಿ, ಒಂದು ದಿನದ್ದು 700 ಕೊಟ್ಟು, ಉಳಿದದ್ದು ಆಮೇಲೆ ನೋಡೋಣ ಅಂದರಂತೆ. 1,400 ಇನ್ನೂ ಬಂದಿಲ್ಲ. ಬೆರಳು ವಾಸಿಯಾಗಿದೆ, ಆದರೆ ಮಡಿಸಿದರೆ ತುದಿ ಅಂಗೈಗೆ ಮುಟ್ಟುವುದಿಲ್ಲ. ಮಾವ ಈಗ ಬಟ್ಟೆಯನ್ನು ಆ ಬೆರಳು ಎತ್ತಿ ಹಿಡಿದು ನಾಲ್ಕೇ ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ.

ಕನ್ನಡ ಪದಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಜಿ. ವೆಂಕಟಸುಬ್ಬಯ್ಯನವರು 1991ರಿಂದ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣದಲ್ಲಿ ಉತ್ತರ ಬರೆಯುತ್ತಿದ್ದರಂತೆ. ಅವರು 2021ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಇದ್ದಿದ್ದರೆ ನಾನು ಒಂದು ಕಾರ್ಡು ಬರೆದು ಕೇಳುತ್ತಿದ್ದೆ. ಹುಟ್ಟುಹಬ್ಬಕ್ಕೆ ಕೇಕ್ ಕಟ್ ಮಾಡುತ್ತಾರಲ್ಲ, ಅದಕ್ಕೆ ನಮ್ಮ ಯಾವ ಪದ ಹಾಕಬೇಕು? ಕೇಕ್ ಕುಯ್ಯೋದು ಅಂದರೆ ಕೋಳಿ ನೆನಪಾಗುತ್ತದೆ. ಹೆಚ್ಚೋದು ಅಂದರೆ ಸಾಂಬಾರಿಗೆ ಹಾಕಿದ ಹಾಗೆ. ಅಜ್ಜಿ ಮಾತ್ರ "ಮುರಿದು ಕೊಡ್ರೋ, ರೊಟ್ಟಿ ತಾನೇ" ಅಂದರು.

ಈ ಹಾಳೆಯ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಪೆನ್ಸಿಲ್ ದಾರದಲ್ಲಿ ಕಟ್ಟಿದೆ, ದಯವಿಟ್ಟು ಯಾರೂ ದಾರ ಕಟ್ ಮಾಡಬೇಡಿ. ನಿಮ್ಮ ಮನೆಯಲ್ಲಿ ಕುಯ್ಯೋದಕ್ಕೆ, ಕಡಿಯೋದಕ್ಕೆ ನಾನು ಬರೆಯದ ಬೇರೆ ಪದ ಇದ್ದರೆ ಅಲ್ಲಿ ಬರೆಯಿರಿ. ಯಾವುದನ್ನು, ಏನು ಹಿಡಿದು ಅಂತಲೂ ಬರೆಯಿರಿ. ಐದನೇ ತರಗತಿಯವರಿಗೆ ಎತ್ತರ ಎಟಕದಿದ್ದರೆ ನನಗೆ ಬಂದು ಹೇಳಿ, ನಾನೇ ಬರೆಯುತ್ತೇನೆ.

ಏಳನೇ ತರಗತಿ